ಸಿಸ್ಟರಮ್ಮನ ಪೆಟ್ಟಿಗೆ

ನಾಲ್ಕು ಗಂಟೆ ಹತ್ತು ನಿಮಿಷ. ಗಾಜು ಒಡೆಯದಿರಲೆಂದು ಸಿಸ್ಟರಮ್ಮ ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ತುಮರಿಯಿಂದ ಹೊರಟ ಲಾಂಚು ಹಿನ್ನೀರಿನ ನಡುವೆ ನಿಂತಾಗ ನನ್ನ ಕಣ್ಣು ಆ ಗಡಿಯಾರದ ಮೇಲಿತ್ತು. ಪಕ್ಕದಲ್ಲಿ ಮಲಗಿದ್ದ ಏಳು ತಿಂಗಳ ಬಸುರಿ ಹೆಂಡತಿಗೆ ಬೆಳಿಗ್ಗೆಯಿಂದ ನೋವು. ಸಾಗರದ ಆಸ್ಪತ್ರೆ ಇನ್ನೂ ದೂರ. ಹಿಂದಿನ ಎರಡು ಬಸಿರೂ ನಿಂತಿರಲಿಲ್ಲ.

ಸಿಸ್ಟರಮ್ಮ ಸ್ಪೇನಿನವರು. ಇಂಜಕ್ಷನ್ ಬಾಟಲಿಗಳ ಮರದ ಪೆಟ್ಟಿಗೆ ಹೊತ್ತು ವಾರಕ್ಕೊಮ್ಮೆ ನಮ್ಮ ಕಡೆಗೆ ಬರುತ್ತಿದ್ದ ನರ್ಸು. ನಾನು ತುಮರಿಯಲ್ಲಿ ಶಾಲಾ ಮೇಷ್ಟ್ರು. ಲಾಂಚಿನಲ್ಲಿ ಜೊತೆಯಾದಾಗಲೆಲ್ಲ ಅವರ ಭಾಷೆ ಕಲಿಯುತ್ತಿದ್ದೆ. ಸುಲಭವಾಗಿ ಮುರಿಯುವ ವಸ್ತುಗಳಿಗೆ ಅವರಲ್ಲಿ ಹಲವು ಮಾತುಗಳಿದ್ದವು. ಕೈಚೀಲದಿಂದ ಹಪ್ಪಳ ತೆಗೆದು ಮುರಿದು, "ಇದು ಕೆಬ್ರಾದಿಸೊ" ಎನ್ನುತ್ತಿದ್ದರು. ಗಾಜಿಗೆ ಫ್ರಾಹಿಲ್, ಪೆಟ್ಟಿಗೆಯ ಮೇಲೂ ಅದನ್ನೇ ಬರೆದಿದ್ದರು. ನಾನು ಅದಲು ಬದಲು ಮಾಡಿದರೆ, "ಮೇಷ್ಟ್ರೇ, ಬೆಂಚಿನ ಮೇಲೆ ನಿಲ್ಲಿ" ಎಂದು ನಗುತ್ತಿದ್ದರು.

"ಎಂಜಿನ್ ಕಾದ್ಬಿಟ್ಟಿದೆ ಸಿಸ್ಟರಮ್ಮ, ನೀರು ಕುದೀತಾ ಇದೆ. ಆರೋ ತನಕ ಹೊರಡಲ್ಲ" ಎಂದ ಡ್ರೈವರ್.

"ಆ ನೀರು ಚೆಲ್ಬೇಡ. ನಂಗೆ ಬೇಕು."

ಸೀರೆಯ ಮರೆ ಕಟ್ಟಿಸಿದರು. ಮಗು ಹುಟ್ಟಿತು, ಅಳಲಿಲ್ಲ. ಅವರು ಬೆನ್ನು ಉಜ್ಜುತ್ತಲೇ ಇದ್ದರು. ಕೊನೆಗೆ ಬೆಕ್ಕಿನ ಮರಿಯಂಥ ಸದ್ದು. ಬಾಟಲಿಗಳನ್ನೆಲ್ಲ ನನ್ನ ಪಂಚೆಯ ಮಡಿಲಿಗೆ ಸುರಿದು, ಪೆಟ್ಟಿಗೆಗೆ ಹತ್ತಿ ಹಾಸಿದರು. ಹದಕ್ಕೆ ಆರಿದ ಎಂಜಿನ್ ನೀರನ್ನು ಖಾಲಿ ಸೀಸೆಗಳಿಗೆ ತುಂಬಿ, ಬಟ್ಟೆ ಸುತ್ತಿ ಎರಡೂ ಬದಿಗಿಟ್ಟು, ನಡುವೆ ನನ್ನ ಮಗಳನ್ನು ಮಲಗಿಸಿದರು.

"ಫ್ರಾಹಿಲ್" ಎಂದೆ.

"ಅಲ್ಲ ಮೇಷ್ಟ್ರೇ. ಅದು ಬಾಟ್ಲಿಗೆ, ಒಡೆದ್ರೆ ಮುಗೀತು. ಇವಳು ದೆಲಿಕಾದಾ. ಮೆಲ್ಲಗೆ ನೋಡ್ಕೊಂಡ್ರೆ ಬೆಳೀತಾಳೆ." ನನ್ನ ಜೇಬಿನಿಂದ ಕೆಂಪು ಪೆನ್ಸಿಲ್ ಎಳೆದು, ಪೆಟ್ಟಿಗೆಯ ಮೇಲಿದ್ದ ಹಳೆಯ ಮಾತನ್ನು ಹೊಡೆದುಹಾಕಿ ಹೊಸದನ್ನು ಬರೆದರು.

ಲಾಂಚು ದಡ ಮುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಮಗಳು ಆ ಪೆಟ್ಟಿಗೆಯಲ್ಲೇ ಮಲಗಿದಳು. ರಾತ್ರಿಯೆಲ್ಲ ನಾನೂ ಹೆಂಡತಿಯೂ ಸರದಿಯಲ್ಲಿ ಎಚ್ಚರವಿದ್ದು ಅವಳ ಉಸಿರು ನೋಡುತ್ತಿದ್ದೆವು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಿಸ್ಟರಮ್ಮ ಬಂದು ಮಗಳ ತೂಕ ನೋಡಿದರು.

"ಕಾಲು ಚಾಚೋಕೆ ಜಾಗ ಇಲ್ಲ ಇವಳಿಗೆ. ತೊಟ್ಟಿಲಿಗೆ ಹಾಕಿ. ಪೆಟ್ಟಿಗೆ ಕೊಡಿ, ನನ್ನ ಬಾಟ್ಲಿಗೆ ಬೇಕು."

ಕೆಂಪು ಪೆನ್ಸಿಲ್ ಕೇಳಿ ಪಡೆದು, ದೆಲಿಕಾದಾ ಹೊಡೆದುಹಾಕಿ, ಮತ್ತೆ ಫ್ರಾಹಿಲ್ ಎಂದು ಬರೆದುಕೊಂಡು ಹೋದರು. ಅಂದು ನಾವು ಮೂವರೂ ಬೆಳಗಾಗುವ ತನಕ ಮಲಗಿದೆವು.