ಸುಟ್ಟ ರಿಜರ್ವ್ ಬುಕ್ಕು

ಖಾತೂನ್‌ಬೀಗೆ ಓದು ಬರುತ್ತಿರಲಿಲ್ಲ, ಆದರೆ ಅವಳೇನು ದಡ್ಡಿಯಲ್ಲ. ಮಸ್ಕಿಗೆ ಎರಡು ಹರದಾರಿಯ ಹಳ್ಳಿ ಅವಳದು. ಗಂಡ ಹುಸೇನಬಾಷಾ ಬರ್ಮಾ ಲಡಾಯಿಯಲ್ಲಿ ಬಂದೂಕು ಹಿಡಿದವನು. ಲಡಾಯಿ ಮುಗಿದ ಮೇಲೆ, ಕರೆದಾಗ ಬಾ ಎಂದು ಪಲಟಣದವರು ಅವನನ್ನು ರಿಜರ್ವಿನಲ್ಲಿಟ್ಟು ಮನೆಗೆ ಕಳಿಸಿದ್ದರು. ಅದರ ಗುರುತಿಗೊಂದು ಪುಸ್ತಕ ಕೊಟ್ಟಿದ್ದರು.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ನಿಜಾಮನ ಸೀಮೆಗೆ ಬಂತು. ಹುಸೇನಬಾಷಾ ಗದಗಿನ ಹತ್ತಿ ಗಿರಣಿಗೆ ದುಡಿಯಲು ಹೋದವನು ದಾರಿ ಬಂದಾಗಿ ಅಲ್ಲೇ ಉಳಿದ. ರಜಾಕಾರರ ಮೇಲಿನ ಸಿಟ್ಟು ಕಂಡ ಕಂಡ ಸಾಬರ ಮೇಲೆ ತಿರುಗಿದ ದಿನಗಳವು. ಊರ ಮಾಲಿಪಾಟೀಲ ಅಮರಗುಂಡಪ್ಪ ಹಿತ್ತಲ ಬಾಗಿಲಿಗೆ ಬಂದು, "ತಂಗೀ, ಖಾಕಿ ಅರಿವಿ ಇದ್ರ ಸುಟ್ಟುಬಿಡು. ಸಿಕ್ಕಾ ಹೊಡದ ಕಾಗದಾನೂ ಇಡಬ್ಯಾಡ. ರಜಾಕಾರಂದು ಅಂದ್ರ ಮುಗೀತು" ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ. ಅವಳು ಗಂಡನ ಖಾಕಿಯನ್ನೂ ಪುಸ್ತಕವನ್ನೂ ಒಲೆಗೆ ಹಾಕಿದಳು. ಆ ಪುಸ್ತಕ ಊರ ಮುಂದೆ ಬಂದು ನಿಂತ ಫೌಜಿನದೇ ಎಂದು ಅವಳಿಗೆ ಯಾರು ಹೇಳಬೇಕು?

ತಿಂಗಳ ಮೇಲೆ ಬಂದ ಗಂಡ ಬೈಯಲಿಲ್ಲ. "ಜೀವ ಉಳದಾವಲ್ಲ, ಬಿಡು" ಎಂದ.

ಐವತ್ತೊಂದರಲ್ಲಿ ಮಗಳು ಜಮೀಲಾ ನಾಲ್ಕನೆಯ ಇಯತ್ತೆಯಲ್ಲಿ ಊರಿಗೇ ಮೊದಲಿಗಳಾದಳು. ಮುಂದಿನ ಓದು ರಾಯಚೂರಿನಲ್ಲಿ. ರಿಜರ್ವ್ ಸಿಪಾಯಿಗಳ ಮಕ್ಕಳಿಗೆ ಫೀ ಮಾಫಿ, ಬೋರ್ಡಿಂಗಿನಲ್ಲಿ ಊಟ ಪುಕ್ಕಟೆ. ತೋರಿಸಬೇಕಾದದ್ದು ಅದೊಂದೇ ಪುಸ್ತಕ. ಹುಸೇನಬಾಷಾ ಸತ್ಯವಂತ. 'ಹೆಂಡತಿ ಹೆದರಿ ಸುಟ್ಟಳು' ಎಂದು ಪಲಟಣಕ್ಕೆ ಬರೆದ. ಊರಿನ ಪಂಚನಾಮೆ ಕಳಿಸು ಎಂದು ಜವಾಬು ಬಂತು.

ಅಮರಗುಂಡಪ್ಪ ತಲೆ ಕೆರೆದುಕೊಂಡ. "ಸುಟ್ಟಾಳ ಅಂತ ಬರದ್ರ, ಯಾಕ ಸುಟ್ಲು ಅಂತಾರ. ಸುಡು ಅಂದವ್ರು ಯಾರು ಅಂತಾರ. ನನಗೂ ಮಕ್ಕಳು ಮರಿ ಅದಾವಪಾ!" ಎಂದು, ಪುಸ್ತಕ ಹಳ್ಳದ ನೀರಿಗೆ ಹೋಯಿತೆಂದು ಬರೆದು ರುಜು ಹಾಕಿ ತಾನೇ ಟಪಾಲಿಗೆ ಹಾಕಿಬಿಟ್ಟ. ಗಂಡನ ಅರ್ಜಿಯಲ್ಲಿ ಬೆಂಕಿ, ಪಾಟೀಲನ ಕಾಗದದಲ್ಲಿ ನೀರು. ಇನ್ನೇನು ಬೇಕು? ನಿಜ ಯಾವುದೆಂದು ಪಲಟಣದವರ ಚೌಕಶಿ ಶುರುವಾಯಿತು. ಒಂದು ವರ್ಷ ಆಯಿತು, ಎರಡಾಯಿತು, ನಾಲ್ಕಾಯಿತು.

ಜಮೀಲಾ ಮನೆಯಲ್ಲೇ ಉಳಿದಳು. ಕಿರಾಣಿ ಅಂಗಡಿಯ ಪೊಟ್ಟಣ ಬಿಚ್ಚಿ, ಕಾಗದದ ಸುಕ್ಕು ತೀಡಿ ಓದುತ್ತಿದ್ದಳು. ಖಾತೂನ್‌ಬೀ ಅಂಥ ಚೂರುಗಳನ್ನು ಒಲೆಗೆ ಹಾಕದೆ ಮಗಳಿಗೆಂದು ಎತ್ತಿಡುತ್ತಿದ್ದಳು. ಐವತ್ತೈದರಲ್ಲಿ ಸಿಂಧನೂರಿನಿಂದ ಒಂದು ಸಂಬಂಧ ಬಂತು.

"ಇನ್ನೊಂದು ವರ್ಷ ತಡಿ" ಎಂದ ಗಂಡ.

"ತಡದು ತಡದು ಹುಡುಗಿ ನನ್ನೆತ್ತರ ಬೆಳದಾಳ, ಜಮೀಲಾನ ಅಬ್ಬಾ! ಮಾಫಿ ಕೊಡೋರು ಇದ್ದಿದ್ರ ಇಷ್ಟೊತ್ತಿಗೆ ಕೊಡ್ತಿದ್ರು. ನಾ ಸುಟ್ಟ ತಪ್ಪಿಗೆ ಅಕಿ ಮನ್ಯಾಗ ಮುದುಕಿ ಆಗಬೇಕೇನು?"

ಹದಿನಾಲ್ಕನೆಯ ವರ್ಷಕ್ಕೆ ನಿಕಾಹ್ ಆಯಿತು.

ಮದುವೆಯ ನಂತರದ ಶುಕ್ರವಾರಗಳಲ್ಲಿ ಬೀಗರನ್ನು ಕರೆಸಿ, ಮಗಳಿಗೂ ಅಳಿಯನಿಗೂ ಉಣಬಡಿಸುವ ಪದ್ಧತಿ. ಅದಕ್ಕೆ ಜುಮಗಿ ಎನ್ನುತ್ತಾರೆ. ಎರಡನೆಯ ಜುಮಗಿಯ ಊಟ ಮುಗಿಯುವ ಹೊತ್ತಿಗೆ ಟಪಾಲಿನವನು ಬಂದ. ಹುಸೇನಬಾಷಾ ಬೀಗರ ಕೈಗೆ ನೀರು ಹಾಕುತ್ತಿದ್ದ. ಖಾತೂನ್‌ಬೀ ಲಕೋಟೆ ಒಡೆದು ಅಡಿಗೆಮನೆಯಲ್ಲಿದ್ದ ಮಗಳ ಕೈಗೆ ಕೊಟ್ಟಳು.

ಜಮೀಲಾ ನಿಧಾನವಾಗಿ ಓದಿದಳು. "ಅಬ್ಬಾನ ಹೆಸರು ಪಲಟಣದ ರಜಿಸ್ಟರ್‌ನ್ಯಾಗ ಮೊದಲಿಂದ ಇತ್ತಂತ. ಪಂಚನಾಮೆ ಬೇಕಾಗಿರಲಿಲ್ಲಂತ. ಫೀ ಮಾಫಿ ಆಗೇತಿ, ಬೋರ್ಡಿಂಗೂ ಕೊಟ್ಟಾರ. ಜೂನ್ ಹದಿನೈದರೊಳಗ ಹುಡುಗೀನ ಕರಕೊಂಡು ಬರ್ರಿ ಅಂತ ಬರದಾರ."

"ಯಾ ಅಲ್ಲಾ! ನಾನ ಕೆಡಿಸಿದ್ನಲ್ಲವ್ವಾ... ಎರಡು ಸಲ ಕೆಡಿಸಿದ್ನಲ್ಲ!" ಖಾತೂನ್‌ಬೀ ಬಾಯಿಗೆ ಸೆರಗು ತುರುಕಿಕೊಂಡಳು. ಅಂಗಳದಲ್ಲಿ ಬೀಗರಿದ್ದರು, ಜೋರಾಗಿ ಅಳುವಂತೆಯೂ ಇರಲಿಲ್ಲ.

ಹೊರಗಿನಿಂದ ಅತ್ತೆ ಕೂಗಿದಳು: "ದುಲ್ಹನ್, ಬಂಡಿ ಕಟ್ಯಾರ, ಬಾರವ್ವಾ!"

ಜಮೀಲಾ ಕಾಗದವನ್ನು ತಾಯಿಯ ಕೈಗಿಟ್ಟು ತಲೆಯ ಮೇಲೆ ಸೆರಗೆಳೆದುಕೊಂಡಳು.

"ಅಬ್ಬಾಗ ಹೇಳಮ್ಮಾ, ಲಗೂನ ಜವಾಬು ಬರೀಲಿ. ಆ ಜಾಗ ಬ್ಯಾರೆ ಯಾವ ಹುಡುಗಿಗಾದ್ರೂ ಕೊಡ್ಲಿ."