ಭುಜದ ಮೇಲಿನ ಬಿಳಿ ಪಟ್ಟಿ

ಯಂತ್ರ ಕೆಟ್ಟಾಗ ಅದರ ಪಕ್ಕದಲ್ಲಿ ನಿಂತವನ ಕುತ್ತಿಗೆಗೆ ಕೈ ಹಾಕುವುದು ದೊಡ್ಡ ಕುರ್ಚಿಗಳ ಹಳೆಯ ಚಾಳಿ. ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲೂ ಹಾಗೇ ಆಯಿತು. ತೆಗೆದ ಪ್ರತಿ ಚಿತ್ರದ ಮೇಲ್ಭಾಗದಲ್ಲಿ ಅಚ್ಚ ಬಿಳಿಯ ಪಟ್ಟಿಯೊಂದು ಬಂದು ಕೂರುತ್ತಿತ್ತು. ಭುಜ ಇರಬೇಕಾದ ಕಡೆ ಸುಣ್ಣ ಬಳಿದ ಗೋಡೆ. ಹದಿನೇಳು ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಟೆಕ್ನಿಷಿಯನ್ ಚಿತ್ರ ಹಿಡಿಯುವ ಫಲಕವನ್ನು ಬೀಳಿಸಿ ಮುಚ್ಚಿಟ್ಟಿದ್ದಾನೆಂದು ಅಧೀಕ್ಷಕರು ನೋಟಿಸ್ ಕೊಟ್ಟರು. ಫಲಕವನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಸೋಮವಾರ ವಿಚಾರಣೆ, ಆರೋಪ ಸಾಬೀತಾದರೆ ಕೆಲಸ ಹೋಗುತ್ತದೆ.

ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಏನು ಕೊಟ್ಟರೂ ಒಂದಕ್ಷರ ಬಿಡದೆ ಓದುವ ಚಟ ಅವಳದು. ಕಾಲೇಜಿನಲ್ಲಿ ಕಲಿತದ್ದು ಸಸ್ಯಶಾಸ್ತ್ರ. ಕಂಪ್ಯೂಟರಿನ ಭಾಗಗಳಿಗೆಲ್ಲ ಕೆಲಸ ಹಂಚುವ ಕರ್ನಲ್ ಎಂಬ ಮೂಲ ತಂತ್ರಾಂಶ ಅವಳಿಗೆ ಒಲಿದದ್ದು ಕೆಟ್ಟ ಯಂತ್ರಗಳನ್ನು ಬಿಚ್ಚಿ ಬಿಚ್ಚಿಯೇ.

ಶನಿವಾರ ಬೆಳಿಗ್ಗೆ ಅವಳು ಕೋಣೆಗೆ ಹೋದಾಗ ಟೆಕ್ನಿಷಿಯನ್ ಸ್ಟೂಲಿನ ಮೇಲೆ ಕೂತಿದ್ದ.

"ಬನ್ನಿ ಮೇಡಂ. ಎಲ್ಲಾದ್ರೂ ಸುಣ್ಣ ಹೊಡೆಯೋ ಕೆಲಸ ಇದ್ರೆ ಹೇಳಿ. ಕೈ ಪಳಗಿದೆ."

"ನಗಿಸ್ಬೇಡಿ. ಪಟ್ಟಿ ಬಿದ್ದಿರೋ ಚಿತ್ರ ನಲವತ್ತು ಕೊಡಿ, ಯಾವ್ದಾದ್ರೂ ಸರಿ."

ಅವಳು ಪಟ್ಟಿಯ ಸಾಲುಗಳನ್ನು ಲೆಕ್ಕ ಹಾಕಿದಳು. ಮೊಣಕೈಯಾಗಲಿ, ಎದೆಯಾಗಲಿ, ಎಲ್ಲದರಲ್ಲೂ ಇನ್ನೂರ ಐವತ್ತಾರು ಸಾಲು. ಬಿದ್ದ ಫಲಕ ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ. ಒಂದು ಸಾಲಿಗೆ ನಾಲ್ಕು ಸಾವಿರದ ತೊಂಬತ್ತಾರು ಬೈಟ್; ಗುಣಿಸಿದರೆ ಸರಿಯಾಗಿ ಒಂದು ಮೆಗಾಬೈಟ್. ಆ ಅಳತೆ ಕಂಡದ್ದೇ ಅವಳು ಫಲಕ ಬಿಟ್ಟು ಕಂಪ್ಯೂಟರಿನ ವಿಳಾಸಪಟ್ಟಿ ತೆರೆದಳು.

ಕಂಪ್ಯೂಟರಿನೊಳಗೆ ಪ್ರತಿ ಕಾರ್ಡಿಗೂ ಮನೆ ನಂಬರಿನಂತೆ ವಿಳಾಸಗಳಿರುತ್ತವೆ. ಬ್ರಿಡ್ಜ್ ಎಂಬ ಚಿಪ್ ಅಂಚೆಯವನಿದ್ದ ಹಾಗೆ; ಇಲ್ಲಿಂದ ಇಲ್ಲಿಯವರೆಗೆ ನಿನ್ನ ಪಾಲು ಎಂದು ಕರ್ನಲ್ ಅದಕ್ಕೆ ಹೇಳಿರಬೇಕು. ಆದರೆ ಈ ಅಂಚೆಯವನಿಗೆ ಮನೆ ಎಣಿಸಲು ಬಾರದು, ಗೊತ್ತಿರುವುದು ಬೀದಿ ಲೆಕ್ಕವಷ್ಟೇ. ಒಂದು ಬೀದಿ ಎಂದರೆ ಒಂದು ಮೆಗಾಬೈಟ್. ಕೊನೆಯ ನಂಬರನ್ನು ಒಂದೇ ಒಂದು ಹೆಚ್ಚಿಗೆ ಹೇಳಿದರೂ ಪಕ್ಕದ ಬೀದಿಯನ್ನು ಇಡಿಯಾಗಿ ತನ್ನದೆಂದುಬಿಡುತ್ತಾನೆ.

ಹತ್ತು ದಿನದ ಹಿಂದೆ ಎಕ್ಸ್‌ರೇ ಕೋಣೆಯ ಕಂಪ್ಯೂಟರಿಗೆ ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿದಾಗ ಆ ಹಳೆಯ ಯಂತ್ರ ವಿಳಾಸ ಹಂಚಲಾರೆನೆಂದು ಮೊಂಡು ಹಿಡಿದಿತ್ತು. ಕರ್ನಲ್ಲಿನೊಳಗೆ ವಿಳಾಸಗಳನ್ನು ಕೈಯಾರೆ ಬರೆದವಳು ಅವಳೇ. ಮೊದಲ ನಂಬರಿಗೆ ಅಳತೆ ಕೂಡಿಸಿ, ಒಂದು ಕಳೆಯುವುದನ್ನು ಮರೆತಿದ್ದಳು. ಹೊಸ ಕಾರ್ಡಿನ ಬ್ರಿಡ್ಜ್, ಫಲಕದಿಂದ ಚಿತ್ರ ತರುವ ಎಕ್ಸ್‌ರೇ ಕಾರ್ಡಿನ ಮೊದಲ ಬೀದಿಯನ್ನು ನುಂಗಿ ಕೂತಿತ್ತು. ಅಲ್ಲಿಗೆ ಹೋದ ಪ್ರಶ್ನೆಗೆ ಉತ್ತರಿಸುವವರಿಲ್ಲ. ಉತ್ತರವಿಲ್ಲದ ಕಡೆಯೆಲ್ಲ ಪರದೆಯ ಮೇಲೆ ಬರೀ ಬಿಳಿ.

ಒಂದು ಕಳೆದಳು. ಯಂತ್ರವನ್ನು ಮತ್ತೆ ಶುರು ಮಾಡಿದಾಗ ಟೆಕ್ನಿಷಿಯನ್ ತನ್ನ ಕೀಲಿಗೊಂಚಲನ್ನು ಫಲಕದ ಮೇಲಿಟ್ಟು ಚಿತ್ರ ತೆಗೆದ. ಮೇಲಿನ ಅಂಚಿನವರೆಗೂ ಕೀಲಿಗಳ ಹಲ್ಲು ಹಲ್ಲು ಕಂಡಿತು.

"ಯಾರ ಕೈವಾಡ ಮೇಡಂ?"

"ನಂದೇ."

ಅವನು ಕೀಲಿಗೊಂಚಲನ್ನು ಜೇಬಿಗಿಳಿಸಿದ. "ಒಂದು ವಾರದಿಂದ ಹೆಂಡ್ತಿ ಹತ್ರ ಬೈಸ್ಕೊಳ್ತಿದ್ದೀನಿ. ಒಂದಿನ ಮನೆಗೆ ಬನ್ನಿ, ನಿಮ್ಮ ಪಾಲಿಂದು ನೀವು ತಗೊಂಡು ಹೋಗಿ."

ಸಂಜೆ ಅವಳ ಮನೆಯಲ್ಲಿ ಅತ್ತೆ ಇದನ್ನೆಲ್ಲ ಕೇಳುತ್ತ ಒಣಗಿದ ಬಟ್ಟೆ ಮಡಿಸುತ್ತಿದ್ದರು. "ಸರಿ ಹೋಯ್ತಲ್ಲ, ಬಾಯಿ ಮುಚ್ಕೊಂಡು ಇರಬಾರ್ದಾ? ನಿಂದೇನು ಕಾಯಂ ಕೆಲಸಾನಾ?"

"ನಾನು ಹೇಳದಿದ್ರೆ ಅವ್ರು ಮನೆಗೆ ಹೋಗ್ತಾರೆ, ಅತ್ತೆ."

"ಹೋಗ್ಲಿ ಅಂದ್ನಾ ನಾನು? ತಲೆ ನೆಟ್ಟಗೆ ಬಾಚ್ಕೊಂಡು ಹೋಗು. ತಪ್ಪು ಒಪ್ಪೋಕೆ ಹೋಗೋರು ಹೀಗೆ ಕೆದರ್ಕೊಂಡು ಹೋಗ್ತಾರಾ?"

ಸೋಮವಾರ ಅಧೀಕ್ಷಕರು ಅವಳು ಬರೆದು ತಂದ ತಪ್ಪೊಪ್ಪಿಗೆ ಪತ್ರವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು. "ತಾಂತ್ರಿಕ ದೋಷ ಅಂತ ಬರೆದ್ರೆ ಸಾಕಲ್ಲಮ್ಮ. ಯಾರ ಹೆಸರೂ ಬೇಡ."

ಯಾಕೆ ಬೇಡ? ಹೆಸರುಗಳು ಹೊರಬಂದರೆ, ನೋಡದೆ ನೋಟಿಸ್ ಬರೆದವರ ಹೆಸರೂ ಹೊರಬರುತ್ತದೆ. ಅಷ್ಟೇ ಗುಟ್ಟು.

"ಸರ್, ನೋಟಿಸ್‌ನಲ್ಲಿ ಅವ್ರ ಹೆಸರಿದೆ. ಇದ್ರಲ್ಲಿ ನನ್ನ ಹೆಸರಿರ್ಲಿ. ನೋಟಿಸ್ ವಾಪಸ್ ತಗೊಂಡಿದ್ದೀವಿ ಅಂತ ನೀವೂ ಬರೆದು ಸಹಿ ಹಾಕಿ."

ಅವರು ಗೊಣಗುತ್ತ ಸಹಿ ಹಾಕಿದರು. ಕ್ಷಮೆ ಕೇಳಲಿಲ್ಲ, ಅದಕ್ಕೆ ಯಾವ ಕಚೇರಿಯಲ್ಲೂ ಫಾರಂ ಇಲ್ಲ. ಭೂತಗನ್ನಡಿಗೊಂದು ಎಚ್ಚರಿಕೆ ಪತ್ರ ಬಂತು. ಅದನ್ನೂ ಕೊನೆಯವರೆಗೆ ಓದಿ, ತಪ್ಪಾಗಿದ್ದ ತಾರೀಖನ್ನು ತಿದ್ದಿಸಿ, ನೆಮ್ಮದಿಯಾಗಿ ಸಹಿ ಹಾಕಿದಳು.

ಟೆಕ್ನಿಷಿಯನ್ ತನ್ನ ನೋಟಿಸ್ ವಾಪಸಾದ ಕಾಗದ ಮಡಿಚಿ ಜೇಬಿಗಿಟ್ಟು ಕೋಣೆಯ ಬಾಗಿಲು ತೆರೆದ. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು.

"ಹೋದ ವಾರ ಬಂದೋರು ಮೊದ್ಲು ಬನ್ನಿ. ಅಜ್ಜಿ, ನೀವೇ. ಇನ್ನೊಂದ್ಸಲ ಉಸಿರು ಹಿಡ್ಕೊಳ್ಳಿ, ಈ ಸಲ ಭುಜ ಸಿಗುತ್ತೆ."