ದ್ವಾರಪಾಲಕರ ನಾಲ್ಕು ಪುಟ

ಕಾಳುಮೆಣಸು ಕೊಳ್ಳುವವನು ಚೀಲದ ಬಾಯಲ್ಲಿ ಕಾಣುವ ಮೆಣಸನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ನೋಡುತ್ತಾನೆ. ಆಲೂರಿನಲ್ಲಿ ಅಂಗಡಿ ಇಟ್ಟ ಮೇಲೆ ನಾನು ದಿನವೂ ಮಾಡಿದ್ದು ಅದನ್ನೇ. ಹಳೆಯ ನಾಟಕಗಳನ್ನೂ ಹಾಗೆಯೇ ಓದಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆದರೆ ನಾನೇ ಅದನ್ನು ಕಲಿತದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ನನಗೆ ನಾಟಕದ ರುಚಿ ಹತ್ತಿಸಿದವರು ಹೆಗ್ಗದ್ದೆ ಕಡೆಯ ಎಸ್ಟೇಟೊಂದರ ರೈಟರು. ಆಳುಗಳ ಹಾಜರಿ ಬರೆಯುವುದು, ಕಾಫಿ ಸ್ಟೋರಿನ ಬೀಗ ನೋಡಿಕೊಳ್ಳುವುದು ಅವರ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅದೇ ಸ್ಟೋರಿನಲ್ಲಿ ಚೀಲ ಹೊರುತ್ತಿದ್ದೆ. ಮಧ್ಯಾಹ್ನ ಉಂಡಾದ ಮೇಲೆ ಅವರು ಟ್ರಂಕಿನಿಂದ ಒಂದು ನಾಟಕ ತೆಗೆದು ಓದುತ್ತಿದ್ದರು. ಒಮ್ಮೆ ನಾನೂ ಒಂದನ್ನು ಕೇಳಿ ಪಡೆದು, ಚೀಲಕ್ಕೆ ಒರಗಿ, ತುಟಿ ಅಲುಗಿಸದೆ ಓದತೊಡಗಿದೆ.

"ಏನ್ಲಾ, ಕೋರ್ಟ್ ನೋಟೀಸ್ ಓದಿದಂಗೆ ಓದ್ತಿದ್ದೀಯ? ಬಾಯ್ ಬುಟ್ಟು ಓದು ಮಾರಾಯ. ರಾಣಿ ಮಾತು ರಾಣಿ ಹಂಗೆ, ಕಳ್ಳನ ಮಾತು ಕಳ್ಳನ ಹಂಗೆ."

"ಎಲ್ರೂ ನಗ್ತಾರೆ ರೈಟ್ರೇ."

"ನಗ್ಲಿ ಬುಡು. ನಗೋರು ಸೇರವ್ರೆ ಅಂದ್ರೆ ನಾಟ್ಕ ಶುರುವಾಯ್ತು ಅಂತ್ಲೇ."

ಅಂದಿನಿಂದ ನಾನು ನಾಟಕವನ್ನು ಗಟ್ಟಿಯಾಗಿಯೇ ಓದುತ್ತೇನೆ. ಅಂಗಡಿ ತೆರೆದ ಮೇಲೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಕ್ಕಡಿಯ ಪಕ್ಕ ಕೂತು ಮಂತ್ರಿಯೂ ಆಗಿದ್ದೇನೆ, ಸೂಳೆಯೂ ಆಗಿದ್ದೇನೆ. ಸಕಲೇಶಪುರಕ್ಕೋ ಹಾಸನಕ್ಕೋ ನಾಟಕ ಬಂದರೆ ಮೊದಲು ಪುಸ್ತಕ ಹುಡುಕಿ ಓದಿ, ಆಮೇಲೆ ನೋಡಲು ಹೋಗುತ್ತೇನೆ. ಕಥೆ ಗೊತ್ತಿದ್ದರೆ ಮಜಾ ಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಮುಂದೇನು ಎಂಬ ಆತುರ ತೀರಿದ ಮೇಲೆಯೇ ಕಣ್ಣು ಸರಿಯಾಗಿ ಕೆಲಸ ಮಾಡುವುದು. ಇನ್ನೊಂದು ಮಾತು: ಮಾತಾಡುವವನನ್ನೇ ನೋಡುತ್ತಾ ಕೂರಬೇಡಿ. ಮೆಣಸಿನ ವ್ಯಾಪಾರದಲ್ಲಿ ಗಂಡ ಎಷ್ಟೇ ಬಿಗಿಯಾಗಿ ರೇಟು ಹೇಳಲಿ, ಪಕ್ಕದಲ್ಲಿ ಸುಮ್ಮನೆ ನಿಂತ ಹೆಂಡತಿಯ ಮುಖ ನೋಡಿದರೆ ಎಷ್ಟಕ್ಕೆ ಕೊಡುತ್ತಾರೆಂದು ತಿಳಿಯುತ್ತದೆ. ರಂಗದ ಮೇಲೂ ಕೇಳುವವರ ಮುಖದಲ್ಲೇ ವಿಷಯ ಇರುತ್ತದೆ.

ಇಷ್ಟೆಲ್ಲ ಬುದ್ಧಿ ಹೇಳುವವನು ಮಾಡಿದ್ದನ್ನು ಈಗ ಹೇಳುತ್ತೇನೆ.

ನಮ್ಮ ಕಡೆ ಬೆಳೆಗಾರರು, ಡ್ರೈವರುಗಳು, ಅಂಗಡಿಯವರು ಸೇರಿ ಎರಡು ಮೂರು ವರ್ಷಕ್ಕೊಮ್ಮೆ ಒಂದು ಹಳೆಯ ನಾಟಕ ಆಡುತ್ತೇವೆ. ಮುದಿರಾಜನೊಬ್ಬ ಯುದ್ಧದಲ್ಲಿ ತನ್ನ ಒಬ್ಬನೇ ಮಗನನ್ನು ಕಳೆದುಕೊಂಡು, ಆ ಸುದ್ದಿಯನ್ನು ತಾನೇ ಬಂದು ರಾಣಿಗೆ ಹೇಳಬೇಕಾದ ಕಥೆ. ರಾಜ ಯಾವಾಗಲೂ ನಮ್ಮ ರೈಟರೇ. ನಾನು ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕದಿಂದ ಕಣ್ಣೆತ್ತದೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುವವನು.

ಹೋದ ಸಲದ ಹೊತ್ತಿಗೆ ರೈಟರು ಕೆಲಸ ಬಿಟ್ಟು ದೋಣಿಗಲ್ಲಿನಲ್ಲಿ ಮಗಳ ಮನೆ ಸೇರಿದ್ದರು. ಎದೆಯ ಆಪರೇಷನ್ ಆಗಿತ್ತು. ಭಾರದ ಪಾತ್ರ ಬೇಡವೆಂದು ಡಾಕ್ಟರು ಹೇಳಿದ್ದರು. ಮಗಳನ್ನು ಕಾಡಿ ಬೇಡಿ, ಇದೊಂದು ಸಲ ಎಂದು ಒಪ್ಪಿಸಿ ಬಂದಿದ್ದರು.

"ರಾಣಿ ಮುಂದೆ ಆಡೋ ಕೊನೇ ಮಾತು ಒಂದ್ ಐತಲ್ಲ," ಎಂದರು ನನಗೆ, "ಅದನ್ನ ನಿಂತ್ಕಂಡು ಪೂರ್ತಿ ಆಡಿ ಮುಗಿಸ್ಬುಟ್ರೆ ಸಾಕು. ಇನ್ನೇನೂ ಬ್ಯಾಡ ನಂಗೆ. ಅಲ್ಲೀಗಂಟ ಉಸಿರು ಉಳಿಬೇಕು ಅಷ್ಟೆ."

ನಾಟಕ ಮಾರ್ಚ್ ತಿಂಗಳ ಒಂದು ಭಾನುವಾರ, ಹಗಲು ಹೊತ್ತು, ಸಮುದಾಯ ಭವನದಲ್ಲಿ. ಆ ವರ್ಷ ಹೂಮಳೆ ಬಂದಿರಲಿಲ್ಲ. ಕಾಫಿ ಹೂ ಬಿಡಬೇಕಾದರೆ ಎಲ್ಲರೂ ಹಳ್ಳದ ನೀರಿಗೆ ಮೋಟರು ಹಚ್ಚಿ ಗಿಡಗಳ ಮೇಲೆ ಚಿಮ್ಮಿಸಬೇಕು. ಇರುವ ಒಂದೇ ಹಳ್ಳದ ನೀರಿಗೆ ಸರದಿ ಹಾಕಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಸರದಿ ಶುರು. ತಪ್ಪಿದರೆ ಮತ್ತೆ ವಾರ ಕಾಯಬೇಕು. ನಾಲ್ಕರೊಳಗೆ ನಾಟಕ ಮುಗಿಯದಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತೇವೆ ಎಂದರು ಬೆಳೆಗಾರರು. ನಾನು ಚೌಕಾಸಿಗೆ ಕೂತೆ. ನಾಟಕದಲ್ಲಿ ಕಾಲು ಗಂಟೆ ನಾನು ಕಡಿಮೆ ಮಾಡಿಕೊಡುತ್ತೇನೆ, ಯಾರೂ ಏಳಬಾರದು ಎಂದು ಒಪ್ಪಂದವಾಯಿತು.

ಪುಟ ತಿರುವಿದಾಗ ಸಿಕ್ಕಿದ್ದು ದ್ವಾರಪಾಲಕರ ಸೀನು. ಯುದ್ಧ ಮುಗಿದ ಮೇಲೆ, ರಾಜ ಅರಮನೆಗೆ ಬರುವ ಮುಂಚೆ, ಬಾಗಿಲು ಕಾಯುವ ಇಬ್ಬರು ನಾಲ್ಕು ಪುಟ ಹರಟುತ್ತಾರೆ. ಸುದ್ದಿ ಇಬ್ಬರಿಗೂ ಗೊತ್ತು. ರಾಣಿಗೆ ನೀನು ಹೇಳು ಎಂದು ಇವನು, ನೀನೇ ಹೇಳು ಎಂದು ಅವನು. ಮಾಲು ತೂಗುವಾಗ ಕಸ ಕಳೆಯುವ ಹಾಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದುಬಿಟ್ಟೆ.

ಮೊದಲನೇ ದ್ವಾರಪಾಲಕ ಒಬ್ಬ ಜೀಪ್ ಡ್ರೈವರು. ಅವನು ಅಂಗಡಿಗೇ ಬಂದ.

"ಅಣ್ಣಾ, ಇಡೀ ನಾಟ್ಕದಾಗೆ ನಂದಿರೋದೇ ನಾಕು ಪುಟ. ಅದ್ಕೂ ಕತ್ತರಿನಾ?"

"ನಿನ್ನ ಯುದ್ಧದಾಗೆ ಸೈನಿಕನ್ನ ಮಾಡೀನಿ ಕಣೋ."

"ಸತ್ತು ಬೀಳೋ ಸೈನಿಕ! ಸಾವ್ಕಾರ್ರು ಭಾರಿ ಉದಾರಿಗಳು."

ಅಭ್ಯಾಸ ಎಸ್ಟೇಟಿನ ಕಾಫಿ ಕಣದಲ್ಲಿ, ಉಟ್ಟ ಬಟ್ಟೆಯಲ್ಲೇ, ಅರ್ಧ ಜನ ಕೂತುಕೊಂಡೇ ನಡೆಯಿತು. ರೈಟರು ದೋಣಿಗಲ್ಲಿನಿಂದ ಒಂದೆರಡು ಸಲ ಬಂದು ತಮ್ಮ ಸೀನುಗಳನ್ನಷ್ಟೇ ಆಡಿ ಹೋದರು. ಎಲ್ಲವೂ ಸಲೀಸು. ಯಾರಿಗೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ಆ ಭಾನುವಾರ. ಯುದ್ಧದ ಸೀನು ಮುಗಿದು ಪರದೆ ಬಿತ್ತು. ರೈಟರು ಒಳಗೆ ಬಂದರು. ತಲೆಯ ಮೇಲೆ ಕಿರೀಟ, ಎದೆಗೆ ಬಿಗಿದ ತಗಡಿನ ಕವಚ, ಎರಡು ಹೆಗಲಿಗೂ ಭುಜಕೀರ್ತಿ. ಮುಖದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಪೆಟ್ಟಿಗೆಯ ಮೇಲೆ ಕುಸಿದು, ಬಾಯಿ ತೆರೆದು ಉಸಿರೆಳೆಯತೊಡಗಿದರು. ಮುಂದಿನ ಸೀನಿಗೆ ಅವರು ಬರೀ ಬಿಳಿ ಪಂಚೆಯಲ್ಲಿ ಹೋಗಬೇಕು. ಕವಚದ ಹಗ್ಗದ ಗಂಟುಗಳೇ ಹತ್ತು. ಹೊರಗೆ ಹಾರ್ಮೋನಿಯಂ ಮೇಷ್ಟ್ರು ಆಗಲೇ ರಾಣಿಯ ಹಾಡಿನ ಶ್ರುತಿ ಹಿಡಿದಿದ್ದರು.

"ದ್ವಾರಪಾಲಕರು ಎಲ್ಲಿ?" ಎಂದರು ರೈಟರು.

ಪುಸ್ತಕ ನನ್ನ ಕೈಯಲ್ಲೇ ಇತ್ತು. ಆ ನಾಲ್ಕು ಪುಟ ಕಸವಲ್ಲ, ಈ ಮನುಷ್ಯ ಉಸಿರಾಡುವ ಜಾಗ ಎಂದು ಆಗ ತಿಳಿಯಿತು. ನಾಟಕ ಬರೆದವನಿಗೆ ಗೊತ್ತಿತ್ತು. ಇಷ್ಟು ಸಲ ಗಟ್ಟಿಯಾಗಿ ಓದಿದ ನನಗೆ ಗೊತ್ತಾಗಿರಲಿಲ್ಲ.

ಸತ್ತ ಸೈನಿಕ ಧೂಳು ಕೊಡವಿಕೊಳ್ಳುತ್ತಾ ನಿಂತಿದ್ದ. ನಾನು ಓಡಿ ಅವನ ತೋಳು ಹಿಡಿದೆ. "ಹೋಗೋ ಮಾರಾಯ, ನಿನ್ ಸೀನ್ ಆಡೋ."

"ಎಷ್ಟು ಪುಟ?"

"ಅಷ್ಟೂ."

"ಒಂದ್ ಸಾಲೂ ಬುಡಕಿಲ್ಲ ಮತ್ತೆ."

"ಬುಡಬ್ಯಾಡ."

ಕೇಳಿದ ರೇಟಿಗೆ ಮರುಮಾತಿಲ್ಲದೆ ಒಪ್ಪಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವನ ಜೊತೆಗಾರ ಭವನದಲ್ಲೇ ಅಡಿಗೆ ಮಾಡುತ್ತಿದ್ದವರ ಕಡೆ ಊಟದ ಎಲೆ ತೊಳೆಯಲು ಹೋಗಿದ್ದ. ಡ್ರೈವರು ಒಬ್ಬನೇ ರಂಗದ ಮಧ್ಯ ನಿಂತು ಕೂಗಿದ: "ಏಯ್ ಎರಡನೇ ಕಾವಲುಗಾರ! ಅರಮನೆ ಬಾಗ್ಲು ಹಾರ್ ಹೊಡ್ದೈತೆ, ಎಲ್ಲೋ ಹೋಗ್ಬುಟ್ಟೆ?" ಆತ ಒದ್ದೆ ಕೈ ಟವೆಲಿಗೆ ಒರೆಸುತ್ತಾ ಜನರ ಮಧ್ಯದಿಂದಲೇ ಓಡಿ ಬಂದು ಹತ್ತಿದ. ಭವನವೆಲ್ಲ ಬಿದ್ದು ಬಿದ್ದು ನಕ್ಕಿತು.

ನಾನೂ ರಾಣಿ ಪಾತ್ರದವರೂ ಹಗ್ಗ ಬಿಚ್ಚಿದೆವು. ರೈಟರು ಎರಡು ಲೋಟ ನೀರು ಕುಡಿದು ಕಣ್ಣು ಮುಚ್ಚಿ ಕೂತರು. ನಾನು ಪರದೆಯ ಸಂದಿಯಿಂದ ನೋಡಿದೆ. ನೀನು ಹೇಳು, ನೀನೇ ಹೇಳು ಎಂದು ಇಬ್ಬರೂ ತಳ್ಳಾಡುತ್ತಿದ್ದರು. ಎರಡನೇ ಪುಟಕ್ಕೆ ನಗು ಕಡಿಮೆಯಾಯಿತು. ಮೂರನೆಯದಕ್ಕೆ ಹಿಂದಿನ ಸಾಲಿನವರು ಮಾತ್ರ ನಗುತ್ತಿದ್ದರು. ಕೊನೆಯಲ್ಲಿ ಇಬ್ಬರೂ ಸುಮ್ಮನಾಗಿ ಬಾಗಿಲ ಎರಡು ಬದಿ ನಿಂತಾಗ, ಆ ಸುದ್ದಿ ಹೇಳುವುದು ಎಷ್ಟು ಕಷ್ಟವೆಂದು ಇಡೀ ಸಭೆಗೆ ಗೊತ್ತಾಗಿತ್ತು. ಪುಸ್ತಕದಲ್ಲಿ ಅದು ನನಗೆ ಬರೀ ತಮಾಷೆಯಾಗಿ ಕಂಡಿತ್ತು.

ಆಮೇಲೆ ರಾಜ ಬಂದ. ಬಿಳಿ ಪಂಚೆ, ಬರಿ ಮೈ, ಬರಿ ತಲೆ. ರೈಟರು ಮಾತಿನ ನಡುವೆ ಒಂದು ಕಡೆ ತಡೆದುಬಿಟ್ಟರು. ಮರೆತರೆಂದು ನಾನು ಬಾಯಿ ತೆರೆದೆ. ಅವರು ತೊಡೆಯ ಪಕ್ಕದಲ್ಲಿ ಒಂದು ಬೆರಳು ಆಡಿಸಿ ಬೇಡ ಎಂದರು. ಒಂದು ಉಸಿರು ತೆಗೆದುಕೊಂಡು, ರಾಣಿಯನ್ನೇ ನೋಡುತ್ತಾ, ಉಳಿದದ್ದನ್ನು ಕೊನೆಯ ಅಕ್ಷರದವರೆಗೆ ನಿಂತೇ ಆಡಿದರು. ಗಂಟೆ ನಾಲ್ಕು ದಾಟಿತ್ತು. ಮೊದಲ ಸರದಿಯ ಬೆಳೆಗಾರ ಮುಂದಿನ ಸಾಲಿನಲ್ಲೇ ಇದ್ದ, ಏಳಲಿಲ್ಲ.

ಮಾರನೇ ವಾರ ಕ್ಷಮೆ ಕೇಳೋಣವೆಂದು ಡ್ರೈವರನ್ನೂ ಕರೆದುಕೊಂಡು ದೋಣಿಗಲ್ಲಿಗೆ ಹೋದೆ. ರೈಟರು ಜಗಲಿಯಲ್ಲಿ ಕೂತಿದ್ದರು. ನನ್ನ ಮಾತು ಪೂರ್ತಿ ಕೇಳಲೇ ಇಲ್ಲ.

"ಅದಿರ್ಲಿ, ಆ ಸೀನು ಹೆಂಗೈತೆ? ಅಷ್ಟೊಂದು ನಕ್ರು, ಆಮೇಲೆ ಸದ್ದೇ ಇಲ್ಲ. ನಾನು ಒಂದ್ ಸಲನೂ ನೋಡಿಲ್ಲ ಕಣ್ರೋ. ಯಾವಾಗ್ಲೂ ಆ ಹೊತ್ನಾಗೆ ಒಳಗೆ ಹಗ್ಗ ಬಿಚ್ಚುಸ್ಕಂತಾ ಇರ್ತೀನಿ."

ಎರಡನೇ ದ್ವಾರಪಾಲಕ ಅಲ್ಲಿರಲಿಲ್ಲ. ಡ್ರೈವರು ನನ್ನ ಮುಖ ನೋಡಿದ. ನಾನು ಯಾವತ್ತೂ ಪರದೆಯ ಈಚೆಗೆ ಬಂದವನಲ್ಲ. ಚೀಲದಲ್ಲಿದ್ದ ಪುಸ್ತಕ ತೆಗೆದು ಮುಂದೆ ಹಿಡಿದು, ಎರಡನೆಯವನ ಮಾತು ಶುರು ಮಾಡಿದೆ.

"ಅಣ್ಣಾ, ಪುಸ್ತಕ ಕೆಳಗಿಡು," ಎಂದ ಡ್ರೈವರು. "ನಿನ್ ಮುಖ ಅವ್ರಿಗೆ ಕಾಣ್ಬೇಕು."

ಪುಸ್ತಕವನ್ನು ಜಗಲಿಗೆ ಬಂದಿದ್ದ ರೈಟರ ಮಗಳ ಕೈಗೆ ಕೊಟ್ಟೆ. ರೈಟರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ನಾವಿಬ್ಬರೂ ಅವರ ಮನೆಯ ಬಾಗಿಲ ಎರಡು ಬದಿ ಹೋಗಿ ನಿಂತೆವು.